ನಾಯಿಮರಿಗೆ ಭಯವಾಗಿದೆ: ಯುದ್ಧ ಕಂಡ ಮಕ್ಕಳು ಮತ್ತು ಒಂದು ಬಟ್ಟೆ ಗೊಂಬೆ

(ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಪೋಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಥ ಬಿಸಿಲಲ್ಲೂ ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಒಂದು ಬಟ್ಟೆಯ ನಾಯಿಮರಿಯನ್ನು ಮನಸ್ಸಿಗೆ ತಂದುಕೊಳ್ಳಿ. ಮೈಗಿಂತ ಕೈಕಾಲೇ ಉದ್ದ. ಮುಂಗಾಲಿನ ತುದಿಯಲ್ಲಿ ವೆಲ್ಕ್ರೋ ಪಟ್ಟಿ. ಮಕ್ಕಳ ಶೂಗಳಲ್ಲಿ ಇರುತ್ತಲ್ಲ, ಚರ್ರ್ ಅಂತ ಬಿಚ್ಚುವುದು, ಅದೇ. ಹಾಗಾಗಿ ಈ ನಾಯಿಮರಿ ಮಗುವಿನ ಕೊರಳನ್ನು ತಬ್ಬಿಕೊಂಡೇ ಇರಬಲ್ಲದು. ಮಗು ಎರಡೂ ಕೈ ಬಿಟ್ಟು ಓಡಾಡಿದರೂ ಬೀಳುವುದಿಲ್ಲ. ಅಂಗಡಿಯಲ್ಲಿ ಸಿಗುವ ಗೊಂಬೆಗಳು ಸಾಮಾನ್ಯವಾಗಿ ನಗುತ್ತಿರುತ್ತವೆ. ಇದರ ಮುಖ ಸಪ್ಪಗಿದೆ.

ಇದರ ಹೆಸರು ಹಿಬುಕಿ. ಇದನ್ನು ಮಗುವಿನ ಕೈಗೆ ಕೊಡುವಾಗ ಒಂದು ಪುಟ್ಟ ಕಥೆ ಹೇಳುತ್ತಾರೆ. ಸುಮಾರಾಗಿ ಹೀಗಿರುತ್ತದೆ: "ಇವನು ಮೊದಲು ತುಂಬಾ ಖುಷಿಯಾಗಿರುತ್ತಿದ್ದ. ಈಗ ಮನೆಯಿಂದ ದೂರ ಬಂದಿದ್ದಾನೆ. ಇಲ್ಲಿ ಗೆಳೆಯರು ಯಾರೂ ಇಲ್ಲ. ಅದಕ್ಕೇ ಬೇಜಾರಲ್ಲಿದ್ದಾನೆ. ಯಾರಾದರೂ ತಬ್ಬಿಕೊಂಡರೆ ಇವನಿಗೆ ಇಷ್ಟ. ನೀನು ಇವನನ್ನು ನೋಡಿಕೊಳ್ಳುತ್ತೀಯಾ?"

ಕೊನೆಯ ಆ ಪ್ರಶ್ನೆಯನ್ನು ದಯವಿಟ್ಟು ಗಮನಿಸಿ. "ಇದು ನಿನಗೆ ಉಡುಗೊರೆ, ಆಡ್ಕೋ" ಅಂತ ಹೇಳುತ್ತಿಲ್ಲ. ಒಂದು ಕೆಲಸ ಒಪ್ಪಿಸುತ್ತಿದ್ದಾರೆ. ನಾನು ಇವತ್ತು ಹೇಳಬೇಕಾಗಿರುವುದೆಲ್ಲ ಆ ಪ್ರಶ್ನೆಯ ಸುತ್ತಲೇ ಇದೆ.

2006ರ ಜುಲೈ, ಆಗಸ್ಟ್‌ನಲ್ಲಿ ಇಸ್ರೇಲ್ ಮತ್ತು ಲೆಬನಾನ್‌ನ ಹಿಜ್ಬುಲ್ಲಾ ನಡುವೆ 34 ದಿನ ಯುದ್ಧ ನಡೆಯಿತು. ಇಸ್ರೇಲಿನ ಉತ್ತರ ಭಾಗದ ಊರುಗಳ ಮೇಲೆ ರಾಕೆಟ್ ಬೀಳುತ್ತಿದ್ದವು. ಸಾವಿರಾರು ಕುಟುಂಬಗಳು ಮನೆ ಬಿಟ್ಟು ದಕ್ಷಿಣಕ್ಕೆ ಬಂದವು. ಗಡಿಯ ಆಚೆ ಲೆಬನಾನ್‌ನಲ್ಲಿ ಸುಮಾರು 10 ಲಕ್ಷ ಜನ ಮನೆ ಬಿಡಬೇಕಾಯಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೂ ಬಹಳ. ನಾನು ಹೇಳುತ್ತಿರುವ ಅಧ್ಯಯನ ಗಡಿಯ ಈಚೆ ಬದಿಯ ಮಕ್ಕಳದ್ದು. ಆಚೆ ಬದಿಯ ಮಗುವೂ ರಾತ್ರಿ ಅದೇ ರೀತಿ ಬೆಚ್ಚಿ ಏಳುತ್ತಿತ್ತು. ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ಟೆಲ್ ಅವೀವ್ ವಿಶ್ವವಿದ್ಯಾಲಯದಲ್ಲಿ ಅವಿ ಸಾದೆ ಎಂಬ ಮನಶ್ಶಾಸ್ತ್ರಜ್ಞರಿದ್ದರು. ಮಕ್ಕಳ ನಿದ್ದೆಯ ಬಗ್ಗೆ ಬಹಳ ಕೆಲಸ ಮಾಡಿದವರು, 2016ರಲ್ಲಿ ತೀರಿಕೊಂಡರು. ಅವರೂ ಶಾಯ್ ಹೆನ್-ಗಾಲ್ ಮತ್ತಿತರರೂ ಸೇರಿ, ಯುದ್ಧ ನಡೆಯುತ್ತಿರುವಾಗಲೇ ಆಶ್ರಯ ಶಿಬಿರದಲ್ಲಿದ್ದ 2ರಿಂದ 7 ವರ್ಷದ 74 ಮಕ್ಕಳನ್ನು ಗಮನಿಸಿದರು. ಹೆಚ್ಚಿನ ಮಕ್ಕಳಲ್ಲಿ ಭಯದ ಲಕ್ಷಣಗಳು ಜೋರಾಗಿಯೇ ಇದ್ದವು. ಅವರಲ್ಲಿ ಕೆಲವರಿಗೆ ನಾಯಿಮರಿ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಕೆಲವು ವಾರ ಬಿಟ್ಟು ಪೋಷಕರನ್ನು ವಿಚಾರಿಸಿದರು. ಯುದ್ಧ ಮುಗಿದ ಮೇಲೆ 191 ಮಕ್ಕಳೊಂದಿಗೆ ಇನ್ನೊಂದು ಅಧ್ಯಯನ ಮಾಡಿದರು. ನಾಯಿಮರಿ ಸಿಕ್ಕ ಮಕ್ಕಳಲ್ಲಿ ಭಯದ ಲಕ್ಷಣಗಳು ಚೆನ್ನಾಗಿಯೇ ಇಳಿದಿದ್ದವು. ಅದರಲ್ಲೂ ಯಾವ ಮಗು ನಾಯಿಮರಿಯನ್ನು ಜಾಸ್ತಿ ಹಚ್ಚಿಕೊಂಡಿತೋ, ಅದರ ಆರೈಕೆಯಲ್ಲಿ ಜಾಸ್ತಿ ತೊಡಗಿತೋ, ಆ ಮಗುವಿಗೆ ಅಷ್ಟೇ ಜಾಸ್ತಿ ಅನುಕೂಲವಾಗಿತ್ತು. 2008ರಲ್ಲಿ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಮಗು ಹೇಗಿದೆ ಎಂದು ಹೇಳಿದವರು ಪೋಷಕರು. ತಮ್ಮ ಮಗುವಿಗೆ ಗೊಂಬೆ ಸಿಕ್ಕಿದೆ ಎಂಬುದು ಅವರಿಗೆ ಗೊತ್ತಿತ್ತು. ಹಾಗಾಗಿ ಇದನ್ನು ಪವಾಡ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಮಕ್ಕಳ ಜೊತೆ ದಿನವಿಡೀ ಇರುವ ನಿಮ್ಮಂಥವರಿಗೆ ಇದರ ಹಿಂದಿನ ವಿಚಾರ ತಕ್ಷಣ ಅರ್ಥವಾಗುತ್ತದೆ.

ಯುದ್ಧದಿಂದ ತಪ್ಪಿಸಿಕೊಂಡು ಬಂದ ಮಗು ಹೇಗಿರುತ್ತದೆ? ಪಾತ್ರೆ ಬಿದ್ದರೂ ಬೆಚ್ಚಿ ಬೀಳುತ್ತದೆ. ಅಮ್ಮನ ಸೆರಗು ಬಿಡುವುದಿಲ್ಲ. ಅಮ್ಮ ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ನಿಂತು ಅಳುತ್ತದೆ. ಬಿಟ್ಟುಹೋಗಿದ್ದ ಅಭ್ಯಾಸಗಳು ವಾಪಸ್ ಬರುತ್ತವೆ: ಬೆರಳು ಚೀಪುವುದು, ಹಾಸಿಗೆ ಒದ್ದೆ ಮಾಡಿಕೊಳ್ಳುವುದು. ಕೆಲವು ಮಕ್ಕಳು ಸುಮ್ನೆ ರಚ್ಚೆ ಹಿಡಿಯುತ್ತವೆ, ಹೊಡೆಯುತ್ತವೆ. ಕೆಲವು ಮಾತೇ ಬಿಡುತ್ತವೆ. ದೊಡ್ಡವರು ಇವರನ್ನು "ಎಷ್ಟು ಜಾಣ ಮಗು, ಗಲಾಟೆಯೇ ಇಲ್ಲ" ಅನ್ನುತ್ತಾರೆ. ನನಗೆ ಅಂಥ ಮಕ್ಕಳದ್ದೇ ಚಿಂತೆ ಜಾಸ್ತಿ.

ನಾಲ್ಕು ವರ್ಷದ ಮಗುವನ್ನು ಕೂರಿಸಿಕೊಂಡು "ನಿನಗೆ ಏನಾಯಿತು, ಹೇಗನಿಸಿತು, ಹೇಳು ಪುಟ್ಟಾ" ಎಂದರೆ ಅದು ಹೇಳಲಾರದು. ಅಷ್ಟು ದೊಡ್ಡ ಅನುಭವಕ್ಕೆ ಅದರ ಹತ್ತಿರ ಮಾತಿಲ್ಲ. ಹೇಳಿದರೆ ಅಮ್ಮ ಅಳುತ್ತಾಳೆ ಎಂಬುದು ಮಾತ್ರ ಚೆನ್ನಾಗಿ ಗೊತ್ತು. ಆದರೆ "ನಾಯಿಮರಿ ರಾತ್ರಿ ಮಲಗಿದನಾ?" ಎಂದು ಕೇಳಿ ನೋಡಿ. "ಇಲ್ಲ, ಅವನಿಗೆ ಭಯ." "ಯಾವುದಕ್ಕೆ ಭಯ?" "ಸೈರನ್‌ಗೆ." "ಹಾಗಿದ್ದರೆ ಏನು ಮಾಡೋಣ?" ಈಗ ಮಗು ಯೋಚಿಸುತ್ತದೆ. ಹೊದಿಕೆ ಹೊದಿಸಬೇಕು, ಕಿವಿ ಮುಚ್ಚಬೇಕು, ಹಾಡು ಹೇಳಬೇಕು. ತನಗೆ ಬೇಕಾಗಿದ್ದನ್ನೆಲ್ಲ ಹೇಳಿಬಿಟ್ಟಿತು, ಅಲ್ವಾ?

ಯುದ್ಧದಲ್ಲಿ ಮಗುವಿನ ಕೈಯಲ್ಲಿ ಏನೂ ಇರುವುದಿಲ್ಲ. ಯಾವಾಗ ಹೊರಡಬೇಕು, ಎಲ್ಲಿ ಮಲಗಬೇಕು, ಅಪ್ಪ ಬರುತ್ತಾನೋ ಇಲ್ಲವೋ, ಯಾವುದೂ ಅದರ ಮಾತಿನಿಂದ ನಡೆಯುವುದಿಲ್ಲ. ಶಿಬಿರದಲ್ಲೂ ಅಷ್ಟೇ: ಸಾಲಿನಲ್ಲಿ ನಿಲ್ಲು, ಕೊಟ್ಟಿದ್ದು ತಿನ್ನು, ಇಲ್ಲಿ ಕೂರು. ಎಲ್ಲರೂ ಅದರ ಮೇಲೆ ಕರುಣೆ ತೋರಿಸುತ್ತಾರೆ. ಅಂಥ ಮಗುವಿಗೆ ಮೊದಲ ಬಾರಿ ಯಾರೋ ಒಬ್ಬರು "ನಿನ್ನಿಂದ ಒಂದು ಸಹಾಯ ಆಗಬೇಕು" ಎನ್ನುತ್ತಾರೆ. ತನಗಿಂತ ಚಿಕ್ಕವನು, ತನಗಿಂತ ಹೆದರಿದವನು ಒಬ್ಬ ಇದ್ದಾನೆ. ಅವನಿಗೆ ತಾನು ದೊಡ್ಡವನು.

ಇದೇ ಸಾದೆ, ಯೋನತನ್ ಕುಶ್ನಿರ್ ಜೊತೆ ಸೇರಿ 2012ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಇದು ಯುದ್ಧದ ಮಕ್ಕಳದ್ದಲ್ಲ, ರಾತ್ರಿ ಹೊತ್ತು ವಿಪರೀತ ಹೆದರುವ 4ರಿಂದ 6 ವರ್ಷದ 104 ಮಕ್ಕಳದ್ದು. ಒಂದು ಗುಂಪಿಗೆ "ಈ ನಾಯಿಮರಿಯನ್ನು ನೀನು ನೋಡಿಕೋ" ಎಂದರು. ಇನ್ನೊಂದು ಗುಂಪಿಗೆ "ಈ ನಾಯಿಮರಿ ನಿನ್ನನ್ನು ಕಾಯುತ್ತದೆ" ಎಂದರು. ಎರಡೂ ಗುಂಪಿನ ಮಕ್ಕಳ ಭಯ ಕಡಿಮೆಯಾಯಿತು. ಅಂದರೆ, ಆರೈಕೆ ಮಾಡುವುದರಿಂದಲೇ ಗುಣ ಎಂದು ಪಟ್ಟು ಹಿಡಿಯಲು ಬರುವುದಿಲ್ಲ. ಕಾಯುವವನೊಬ್ಬ ಇದ್ದಾನೆ ಎಂಬ ನಂಬಿಕೆಯೂ ಕೆಲಸ ಮಾಡುತ್ತದೆ. ಆದರೂ ಎಲ್ಲ ಕಳೆದುಕೊಂಡು ಬಂದ ಮಗುವಿಗೆ ನಾನು ಮೊದಲನೆಯದನ್ನೇ ಆರಿಸುತ್ತೇನೆ. ಅಪ್ಪ, ಅಜ್ಜ, ಮನೆಯ ಗೋಡೆ, ಎಲ್ಲವೂ ಕಾಯುತ್ತವೆ ಎಂದು ಅದು ನಂಬಿತ್ತು. ಕಾಯಲಾಗದಿದ್ದನ್ನು ಕಣ್ಣಾರೆ ಕಂಡಿದೆ. ಬಟ್ಟೆ ನಾಯಿ ಕಾಯುತ್ತದೆ ಎಂದರೆ ಯಾಕೆ ನಂಬಬೇಕು?

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ನನಗೆ ಈ ವಿಷಯದಲ್ಲಿ ಅತಿ ಹೆಚ್ಚು ಕಲಿಸಿದ್ದು ಆರು ಮಕ್ಕಳ ಕಥೆ.

1945ರ ಅಕ್ಟೋಬರ್. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದಲ್ಲಿ ಬುಲ್‌ಡಾಗ್ಸ್ ಬ್ಯಾಂಕ್ ಎಂಬ ಹಳ್ಳಿಮನೆ. ಅಲ್ಲಿಗೆ ಆರು ಮಕ್ಕಳು ಬಂದರು. ಎಲ್ಲರಿಗೂ 3ರಿಂದ 4 ವರ್ಷದೊಳಗೆ. ಯಹೂದಿ ಮಕ್ಕಳು. ನಾಜಿಗಳು ತಂದೆತಾಯಿಯರನ್ನು ಕೊಂದಿದ್ದರು. ಎಳೆ ಕೂಸುಗಳಾಗಿದ್ದಾಗಿಂದ ಇವರು ಥೆರೆಸಿಯನ್‌ಸ್ಟಾಟ್ ಬಂದಿಶಿಬಿರದಲ್ಲಿ ತಾಯಿಯಿಲ್ಲದ ಮಕ್ಕಳ ವಾರ್ಡಿನಲ್ಲಿ ಬೆಳೆದವರು. ಮನೆ ಅಂದರೆ ಏನು, ಅಮ್ಮ ಅಂದರೆ ಏನು ಎಂಬ ನೆನಪೇ ಇರಲಿಲ್ಲ. ಇವರನ್ನು ನೋಡಿಕೊಂಡ ಸೋಫಿ ಡಾನ್ ಮತ್ತು ಮಕ್ಕಳ ಮನೋವಿಶ್ಲೇಷಣೆಯ ದೊಡ್ಡ ಹೆಸರಾದ ಆನಾ ಫ್ರಾಯ್ಡ್ ಸೇರಿ 1951ರಲ್ಲಿ ಇವರ ಬಗ್ಗೆ ಬರೆದರು. ಆನಾ ಫ್ರಾಯ್ಡ್ ಸ್ವತಃ 1938ರಲ್ಲಿ ವಿಯೆನ್ನಾದಿಂದ ಓಡಿಬಂದ ನಿರಾಶ್ರಿತೆ.

ಬಂದ ಮೊದಲ ದಿನಗಳಲ್ಲಿ ಈ ಮಕ್ಕಳು ಅಲ್ಲಿದ್ದ ಆಟಿಕೆಗಳನ್ನೆಲ್ಲ ಮುರಿದು ಹಾಕಿದರು. ಪೀಠೋಪಕರಣಗಳನ್ನೂ ಹಾಳು ಮಾಡಿದರು. ದೊಡ್ಡವರನ್ನು ಕಚ್ಚಿದರು, ಉಗುಳಿದರು, ಇಲ್ಲವೇ ಅವರು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಇದ್ದರು. ಪ್ರೀತಿಯಿಂದ ಆಟಿಕೆ ತಂದುಕೊಟ್ಟವರಿಗೆ ಇದನ್ನು ನೋಡಿ ಎಷ್ಟು ಸಂಕಟವಾಗಿರಬೇಕು! ನಾವಾಗಿದ್ದರೆ "ಇಷ್ಟೆಲ್ಲ ಮಾಡಿದರೂ ಬುದ್ಧಿಯಿಲ್ಲ" ಅನ್ನುತ್ತಿದ್ದೆವೇನೋ. ಆಟವಾಡಲು ಅವರಿಗೆ ಬರುತ್ತಲೇ ಇರಲಿಲ್ಲ.

ಆದರೆ ಮೊದಲಿನಿಂದಲೂ ಅವರನ್ನು ಸೆಳೆದದ್ದು ಮೆತ್ತನೆಯ ಗೊಂಬೆಗಳು, ಕರಡಿ ಗೊಂಬೆಗಳು. ಅವುಗಳ ಜೊತೆಗೂ ಆಡುತ್ತಿರಲಿಲ್ಲ. ನನ್ನದು ಎಂದು ಇಟ್ಟುಕೊಳ್ಳುತ್ತಿದ್ದರು. ಆರೂ ಮಕ್ಕಳು ಅವನ್ನು ಹಾಸಿಗೆಗೆ ಒಯ್ಯುತ್ತಿದ್ದರು. ಯಾರಾದರೂ ಸಂಜೆ ಮರೆತರೆ, ನಡುರಾತ್ರಿ ಎದ್ದು ಅದಕ್ಕಾಗಿ ಕಿರುಚುತ್ತಿದ್ದರು. ಮನುಷ್ಯರನ್ನು ನಂಬದ ಮಗು ಮೊದಲು ನಂಬಿದ್ದು ಒಂದು ಬಟ್ಟೆಯ ಕರಡಿಯನ್ನು.

ಇನ್ನೊಂದು ಸಂಗತಿ ಇದೆ. ಈ ಆರೂ ಜನ ಒಬ್ಬರನ್ನೊಬ್ಬರು ಬಿಟ್ಟಿರುತ್ತಿರಲಿಲ್ಲ. ಯಾರೋ ಒಬ್ಬನನ್ನು ಮಾತ್ರ ಬೇರೆ ಕಡೆ ಕರೆದುಕೊಂಡು ಹೋದರೆ ಉಳಿದವರು ಕಂಗಾಲಾಗುತ್ತಿದ್ದರು. ಊಟಕ್ಕೆ ಕೂತಾಗ ತಾನು ತಿನ್ನುವುದಕ್ಕಿಂತ ಪಕ್ಕದವನಿಗೆ ಕೊಡುವುದೇ ಅವರಿಗೆ ಮುಖ್ಯವಾಗಿತ್ತು. ಮೂರು ವರ್ಷದ ಮಕ್ಕಳು! ನಮ್ಮ ಮನೆಗಳಲ್ಲಿ ಮೂರು ವರ್ಷದವರಿಬ್ಬರು ಒಂದು ಬಿಸ್ಕತ್ತಿಗೆ ಹೇಗೆ ಕಿತ್ತಾಡುತ್ತಾರೆ, ನಿಮಗೆ ಗೊತ್ತು. ಈ ಮಕ್ಕಳಿಗೆ ನೋಡಿಕೊಳ್ಳುವ ದೊಡ್ಡವರು ಸರಿಯಾಗಿ ಸಿಗಲೇ ಇಲ್ಲ. ಆದರೆ ನೋಡಿಕೊಳ್ಳಲು ಒಬ್ಬರಿಗೊಬ್ಬರು ಸಿಕ್ಕಿದ್ದರು. ಅದೇ ಅವರನ್ನು ಉಳಿಸಿತು ಎಂದು ನಾನು ನಂಬುತ್ತೇನೆ. ನಿಧಾನಕ್ಕೆ ಅವರು ಅಲ್ಲಿದ್ದ ದೊಡ್ಡವರನ್ನೂ ತಮ್ಮ ಗುಂಪಿಗೆ ಸೇರಿಸಿಕೊಂಡರು. ಆಮೇಲೆ ಅವರನ್ನು ಹಚ್ಚಿಕೊಂಡರು. ಹೊಸ ಭಾಷೆ ಕಲಿತರು.

ಇದಕ್ಕೆ ಮೊದಲು, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, ಆನಾ ಫ್ರಾಯ್ಡ್ ಮತ್ತು ಡೊರೊತಿ ಬರ್ಲಿಂಗ್‌ಹ್ಯಾಮ್ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಮಕ್ಕಳಿಗಾಗಿ ಶಿಶುನಿವಾಸಗಳನ್ನು ನಡೆಸಿದ್ದರು. ಅಲ್ಲಿ ಅವರಿಗೆ ಕಂಡ ಸತ್ಯ ಇದು: ಬಾಂಬಿಗಿಂತ ತಾಯಿಯಿಂದ ದೂರವಾದದ್ದು ಮಕ್ಕಳನ್ನು ಜಾಸ್ತಿ ನೋಯಿಸುತ್ತದೆ. ಅಮ್ಮನ ಮಡಿಲಲ್ಲಿ ಕೂತು ಬಾಂಬಿನ ಸದ್ದು ಕೇಳಿದ ಮಗು ಹೇಗೋ ತಡೆದುಕೊಳ್ಳುತ್ತದೆ. ಅದಕ್ಕೇ ಅವರು ಮಕ್ಕಳನ್ನು ಚಿಕ್ಕ ಚಿಕ್ಕ ಕುಟುಂಬಗಳಾಗಿ ಮಾಡಿ, ಒಂದೊಂದಕ್ಕೂ ಒಬ್ಬ ತಾಯಿಯಂಥವಳನ್ನು ಇಟ್ಟರು. ಅಂದರೆ ಗೊಂಬೆ ಬರುವುದು ಆಮೇಲೆ. ಮೊದಲು ಒಬ್ಬ ಮನುಷ್ಯ ಬೇಕು, ದಿನಾ ಅದೇ ಮನುಷ್ಯ.

ಡೊನಾಲ್ಡ್ ವಿನಿಕಾಟ್ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಯುದ್ಧದಲ್ಲಿ ಊರು ಬಿಡಿಸಿದ ಮಕ್ಕಳ ಜೊತೆ ಕೆಲಸ ಮಾಡಿದ ಬ್ರಿಟಿಷ್ ವೈದ್ಯ. ಮಗು ಹಿಡಿದುಕೊಂಡು ತಿರುಗುವ ಆ ಒಂದು ದುಪ್ಪಟಿ ತುಂಡು ಅಥವಾ ಗೊಂಬೆ ಯಾಕೆ ಅಷ್ಟು ಮುಖ್ಯ ಎಂದು 1951ರಲ್ಲಿ ಮಂಡಿಸಿದವರು. ಅವರಿಂದ ಶಿಬಿರದಲ್ಲಿ ಕೆಲಸ ಮಾಡುವವರು ಕಲಿಯಬೇಕಾದದ್ದು ಒಂದಿದೆ: ಆ ಗೊಂಬೆ ಕೊಳಕಾಗಿದೆ, ವಾಸನೆ ಬರುತ್ತಿದೆ ಎಂದು ಮಗುವನ್ನು ಕೇಳದೆ ಒಗೆಯಬೇಡಿ. ಹರಿದಿದೆ ಎಂದು ಹೊಸದು ತಂದು ಬದಲಾಯಿಸಬೇಡಿ. ಆ ವಾಸನೆಯಲ್ಲಿ ಬಿಟ್ಟುಬಂದ ಮನೆ ಇರಬಹುದು. ಒಗೆಯಲೇಬೇಕು ಅಂದರೆ ಮಗುವಿನ ಕೈಯಲ್ಲೇ ಸ್ನಾನ ಮಾಡಿಸಿ.

ಈಗ ನಮ್ಮ ಕಾಲಕ್ಕೆ ಬರೋಣ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದೊಡ್ಡ ದಾಳಿ ಮಾಡಿತು. ಒಂದೇ ತಿಂಗಳಲ್ಲಿ 43 ಲಕ್ಷ ಮಕ್ಕಳು ಮನೆ ಬಿಟ್ಟರು ಎಂದು ಯುನಿಸೆಫ್ ಹೇಳಿತು. ಅಂದರೆ ಆ ದೇಶದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು. ಉಕ್ರೇನ್ ಮತ್ತು ರೊಮೇನಿಯಾ ನಡುವೆ ಟೀಸಾ ನದಿಗೆ ಒಂದು ಸೇತುವೆ ಇದೆ. ಆಚೆ ರೊಮೇನಿಯಾದ ಸಿಗೇತು ಮರ್ಮಾತ್ಸಿಯೆ ಊರು. ಆ ಮಾರ್ಚ್‌ನಲ್ಲಿ ಅಲ್ಲಿಯ ಜನ ಸೇತುವೆಯ ಉದ್ದಕ್ಕೂ ಗೊಂಬೆಗಳನ್ನು ಇಟ್ಟರು. ದಾಟಿ ಬರುವ ಮಕ್ಕಳು ಬೇಕಾದ್ದನ್ನು ತೆಗೆದುಕೊಳ್ಳಲಿ ಅಂತ. ಆ ಚಿತ್ರ ನೋಡಿ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅದು ನಿಜವಾದ ಒಳ್ಳೆಯತನ. ನಿಮಗೆ ಇಲ್ಲಿ ಜಾಗ ಇದೆ ಎಂದು ಆ ಮಕ್ಕಳಿಗೆ ಮಾತಿಲ್ಲದೆ ಹೇಳಿದ್ದು.

ಆದರೆ ಚಿಕಿತ್ಸೆ ಅದಕ್ಕಿಂತ ಮುಂದಿನ ಹೆಜ್ಜೆ. ಗೊಂಬೆ ಕೊಟ್ಟ ಮೇಲೆ ಏನು ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಬೇಕು. ಉಕ್ರೇನಿನ ಮನಶ್ಶಾಸ್ತ್ರಜ್ಞರು ಇಸ್ರೇಲಿನ ತಜ್ಞರಿಂದ ತರಬೇತಿ ಪಡೆದು ಹಿಬುಕಿಯನ್ನು ತಮ್ಮ ಮಕ್ಕಳಿಗೆ ತಂದರು. ಅದಕ್ಕೂ ಮೊದಲು 2011ರ ಸುನಾಮಿಯ ನಂತರ ಜಪಾನಿಗೂ ಈ ನಾಯಿಮರಿ ಹೋಗಿತ್ತು. ಇಲ್ಲಿ ಮಗುವಿನ ಜೊತೆ ದೊಡ್ಡವರೂ ಕೂರುತ್ತಾರೆ. ನಾಯಿಮರಿಗೆ ಏನು ತಿನ್ನಲು ಇಷ್ಟ, ಎಲ್ಲಿ ಮಲಗಿಸೋಣ, ಯಾವುದಕ್ಕೆ ಕೋಪ ಬರುತ್ತದೆ, ಬೇಜಾರಾದಾಗ ಏನು ಮಾಡಿದರೆ ಸಮಾಧಾನ ಆಗುತ್ತದೆ ಎಂದು ಮಾತು ನಡೆಯುತ್ತದೆ. ಮಗು ಮನೆಗೆ ಒಯ್ಯುತ್ತದೆ. ಮತ್ತೆ ಬಂದಾಗ ಅವನ ಸಮಾಚಾರ ಕೇಳುತ್ತಾರೆ. ಕೇಳಲೇಬೇಕು. ನೀವು ಒಪ್ಪಿಸಿದ ಕೆಲಸವನ್ನು ನೀವೇ ಮರೆತರೆ ಅದು ಬರೀ ಆಟಿಕೆ ಆಗಿಬಿಡುತ್ತದೆ.

ಅಮ್ಮಂದಿರ ವಿಷಯವೂ ಇದೆ. ಯುದ್ಧ ಶುರುವಾದಾಗ ಉಕ್ರೇನಿನ 18ರಿಂದ 60 ವರ್ಷದ ಗಂಡಸರು ದೇಶ ಬಿಡುವ ಹಾಗಿರಲಿಲ್ಲ. ಹಾಗಾಗಿ ಗಡಿ ದಾಟಿ ಬಂದವರು ಹೆಚ್ಚಾಗಿ ಅಮ್ಮ, ಅಜ್ಜಿ, ಮಕ್ಕಳು. ಅಮ್ಮನ ಕಣ್ಣು ಸದಾ ಫೋನಿನ ಮೇಲೆ. ಗಂಡನ ಮೆಸೇಜ್ ಬಂತಾ ಎಂಬುದೇ ಅವಳ ಉಸಿರು. ಅವಳಿಗೆ "ಮಗುವಿಗೆ ಸಮಯ ಕೊಡಿ" ಎಂದು ಉಪದೇಶ ಮಾಡುವುದು ಕ್ರೂರ. "ರಾತ್ರಿ ಮಲಗುವ ಮುಂಚೆ ನೀವಿಬ್ಬರೂ ಸೇರಿ ನಾಯಿಮರಿಯನ್ನು ಮಲಗಿಸಿ" ಎಂದರೆ ಆ ಹತ್ತು ನಿಮಿಷ ಅವಳ ಕೈಗೆಟುಕುತ್ತದೆ. ಅಮ್ಮ, ಮಗು ಇಬ್ಬರೂ ಒಂದೇ ಹಾಸಿಗೆಯ ಮೇಲೆ, ಒಂದೇ ಕೆಲಸದಲ್ಲಿ. ನನ್ನ ಅಭಿಪ್ರಾಯದಲ್ಲಿ ಈ ಚಿಕಿತ್ಸೆಯ ಅರ್ಧ ಫಲ ಅಲ್ಲೇ ಇದೆ.

ಗೊಂಬೆಯಿಂದ ಆಗದ್ದು ಏನು ಎಂದೂ ಹೇಳಬೇಕು. ಬಾಂಬ್ ಇನ್ನೂ ಬೀಳುತ್ತಿರುವಾಗ, ಹೊಟ್ಟೆಗೆ ಇಲ್ಲದಿರುವಾಗ ಯಾವ ಗೊಂಬೆಯೂ ಮಗುವನ್ನು ಗುಣ ಮಾಡುವುದಿಲ್ಲ. ಗಾಜಾದಲ್ಲಿ ಕನಿಷ್ಠ 17,000 ಮಕ್ಕಳು ಮನೆಯವರಿಂದ ಬೇರೆಯಾಗಿದ್ದಾರೆ ಅಥವಾ ಒಂಟಿಯಾಗಿದ್ದಾರೆ ಎಂದು 2024ರ ಫೆಬ್ರವರಿಯಲ್ಲಿ ಯುನಿಸೆಫ್ ಅಂದಾಜು ಮಾಡಿತ್ತು. ಆ ಮಗುವಿಗೆ ಮೊದಲು ಬೇಕಾಗಿರುವುದು ಕದನ ನಿಲ್ಲುವುದು, ನೀರು, ರೊಟ್ಟಿ, ತನ್ನವರು. ತುರ್ತು ಪರಿಸ್ಥಿತಿಯಲ್ಲಿ ಮಾನಸಿಕ ನೆರವು ಹೇಗಿರಬೇಕು ಎಂದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳೂ ಸ್ವಯಂಸೇವಾ ಸಂಸ್ಥೆಗಳೂ ಸೇರಿ 2007ರಲ್ಲಿ ಒಂದು ಮಾರ್ಗಸೂಚಿ ಮಾಡಿದವು. ಅದರಲ್ಲೂ ಅಡಿಪಾಯ ಇದೇ: ಸುರಕ್ಷತೆ, ಆಹಾರ, ಸೂರು. ಅದರ ಮೇಲೆ ಕುಟುಂಬ ಮತ್ತು ಸಮುದಾಯ. ಅದರ ಮೇಲೆ ಗೊಂಬೆಯಂಥ ನೆರವು. ತುದಿಯಲ್ಲಿ, ಸ್ವಲ್ಪ ಜನಕ್ಕೆ, ತಜ್ಞರ ಚಿಕಿತ್ಸೆ. ತಿಂಗಳುಗಳು ಕಳೆದರೂ ಮಗು ನಿದ್ದೆ ಮಾಡದಿದ್ದರೆ, ತನಗೇ ನೋವು ಮಾಡಿಕೊಳ್ಳುತ್ತಿದ್ದರೆ, ಮಾತು ವಾಪಸ್ ಬರದಿದ್ದರೆ ತಜ್ಞರ ಹತ್ತಿರ ಹೋಗಲೇಬೇಕು.

ಇನ್ನೊಂದು ಮಾತು. ದಯವಿಟ್ಟು ಮಗುವಿನಿಂದ ಕಥೆ ಹೊರಡಿಸಲು ಒತ್ತಾಯ ಮಾಡಬೇಡಿ. ಕ್ಯಾಮೆರಾ ಮುಂದೆ ಅಂತೂ ಬೇಡವೇ ಬೇಡ.

ನಮ್ಮ ರಾಜ್ಯಕ್ಕೂ ಈ ವಿಷಯ ಹೊಸದಲ್ಲ. ಟಿಬೆಟ್ಟಿನಿಂದ ಬಂದವರಿಗೆ ಬೈಲಕುಪ್ಪೆಯಲ್ಲಿ ಜಾಗ ಕೊಟ್ಟದ್ದು 1960ರ ಸುಮಾರಿಗೆ. 1960ರ ಮೇ ತಿಂಗಳಲ್ಲಿ, ರಸ್ತೆ ಕೆಲಸದ ಕ್ಯಾಂಪುಗಳಿಂದ ಬಂದ 51 ಮಕ್ಕಳೊಂದಿಗೆ ಧರ್ಮಶಾಲಾದಲ್ಲಿ ಒಂದು ಶಿಶುನಿವಾಸ ಶುರುವಾಯಿತು. ನೋಡಿಕೊಂಡವರು ದಲೈ ಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ. ಅದೇ ಮುಂದೆ ಟಿಬೆಟನ್ ಚಿಲ್ಡ್ರನ್ಸ್ ವಿಲೇಜ್ ಆಯಿತು, ಬೈಲಕುಪ್ಪೆಯಲ್ಲೂ ಅದರ ಶಾಲೆ ಇದೆ. ಅಲ್ಲಿಯ ಪದ್ಧತಿಯಲ್ಲಿ ಮಕ್ಕಳು ಮನೆಮನೆಗಳಾಗಿ ಇರುತ್ತಾರೆ, ಒಂದೊಂದು ಮನೆಗೆ ಒಬ್ಬ ತಾಯಿ, ದೊಡ್ಡ ಮಕ್ಕಳು ಚಿಕ್ಕವರನ್ನು ನೋಡಿಕೊಳ್ಳುತ್ತಾರೆ. ಹ್ಯಾಂಪ್‌ಸ್ಟೆಡ್‌ನಲ್ಲಿ ಕಂಡುಕೊಂಡದ್ದೂ ಇದೇ ಅಲ್ವಾ? ಇನ್ನು ಬೆಂಗಳೂರಿನ ನಿಮ್ಹಾನ್ಸ್, 2001ರ ಗುಜರಾತ್ ಭೂಕಂಪ ಮತ್ತು 2004ರ ಸುನಾಮಿಯ ನಂತರ ಊರೂರಿನ ಕಾರ್ಯಕರ್ತರಿಗೆ ತರಬೇತಿ ಕೊಟ್ಟಿತು. ಚಿತ್ರ, ಮಣ್ಣು, ಗೊಂಬೆ, ಕಥೆ, ಆಟ ಇವುಗಳ ಮೂಲಕ ಮಕ್ಕಳ ಮನಸ್ಸು ಮುಟ್ಟುವುದು ಆ ಕೆಲಸದ ಭಾಗವಾಗಿತ್ತು.

ಇಷ್ಟು ನನ್ನ ಮಾತು. ಈಗ ಸಭೆಯಲ್ಲಿ ಬಂದ ಪ್ರಶ್ನೆಗಳು.

ಒಬ್ಬ ಮೇಷ್ಟ್ರು ಕೇಳಿದರು: "ಹನ್ನೆರಡು, ಹದಿಮೂರು ವರ್ಷದ ಹುಡುಗರಿಗೆ ಗೊಂಬೆ ಕೊಟ್ಟರೆ ಅವಮಾನ ಆಗಲ್ವಾ ಮೇಡಂ?" ಆಗುತ್ತದೆ ಸರ್. ನಾನು ಹೇಳಿದ ಅಧ್ಯಯನಗಳು ಚಿಕ್ಕ ಮಕ್ಕಳವು. ದೊಡ್ಡ ಹುಡುಗರಿಗೆ ಗೊಂಬೆ ಬೇಡ, ಜವಾಬ್ದಾರಿ ಬೇಕು. ಚಿಕ್ಕ ಮಕ್ಕಳಿಗೆ ಫುಟ್‌ಬಾಲ್ ಕಲಿಸು, ನಾಯಿಮರಿ ಹೊಲಿಯಲು ಸಹಾಯ ಮಾಡು, ಕಥೆ ಓದಿ ಹೇಳು ಎನ್ನಬಹುದು. ಅದೇ ಔಷಧ, ಬೇರೆ ರೂಪದಲ್ಲಿ.

ಅಂಗನವಾಡಿಯ ಅಕ್ಕ ಒಬ್ಬರು ಕೇಳಿದರು: "ಅಂಗಡಿ ಗೊಂಬೆಯೇ ಆಗಬೇಕಾ? ನಾವೇ ಹಳೆ ಸೀರೆಯಲ್ಲಿ ಹೊಲಿದರೆ?" ಖಂಡಿತ ಹೊಲಿಯಿರಿ ಅಕ್ಕ. ಮೆತ್ತಗಿರಬೇಕು, ಕಿತ್ತು ಬಾಯಿಗೆ ಹಾಕಿಕೊಳ್ಳುವಂಥ ಗುಂಡಿ, ಮಣಿ ಇರಬಾರದು, ಕಣ್ಣನ್ನು ದಾರದಲ್ಲೇ ಕಸೂತಿ ಮಾಡಿ. ಕೈ ಉದ್ದ ಇರಲಿ. ಯಾವ ಪ್ರಾಣಿ ಎಂಬುದನ್ನು ಆ ಮಕ್ಕಳನ್ನು ಬಲ್ಲವರನ್ನು ಕೇಳಿ ತೀರ್ಮಾನಿಸಿ. ಬುಲ್‌ಡಾಗ್ಸ್ ಬ್ಯಾಂಕಿನ ಆ ಆರು ಮಕ್ಕಳಿಗೆ ನಾಯಿ ಕಂಡರೆ ವಿಪರೀತ ಭಯವಿತ್ತು, ಬಂದಿಶಿಬಿರದಲ್ಲಿ ಕಾವಲು ನಾಯಿಗಳಿದ್ದವು. ಅವರಿಗೆ ನಾಯಿಮರಿ ಕೊಟ್ಟಿದ್ದರೆ ಏನಾಗುತ್ತಿತ್ತು ಯೋಚಿಸಿ.

ಕೊನೆಯದಾಗಿ ಒಬ್ಬ ತಾಯಿ ಕೇಳಿದರು: "ನಮ್ಮನೆ ತುಂಬಾ ಗೊಂಬೆಗಳಿವೆ, ನನ್ನ ಮಗಳು ಅವನ್ನ ಆ ದೇಶಗಳಿಗೆ ಕಳಿಸ್ತೀನಿ ಅಂತಾಳೆ. ಕಳಿಸಬಹುದಾ?" ಗೊಂಬೆ ಪಾರ್ಸಲ್ ಮಾಡುವ ಖರ್ಚಿಗೆ ಅಲ್ಲೇ ನಾಲ್ಕು ಗೊಂಬೆ ಬರುತ್ತವೆ. ಹಾಗಾಗಿ ಆ ದುಡ್ಡನ್ನು, ಅಲ್ಲಿ ಮಕ್ಕಳ ಜೊತೆ ಕೆಲಸ ಮಾಡುವ ನಂಬಿಕಸ್ಥ ಸಂಸ್ಥೆಗೆ ಕೊಡುವುದು ಒಳ್ಳೆಯದು. 2024ರ ಕೊನೆಗೆ ಲೋಕದಲ್ಲಿ 12 ಕೋಟಿಗೂ ಹೆಚ್ಚು ಜನ ಬಲವಂತವಾಗಿ ಮನೆ ಬಿಟ್ಟವರಿದ್ದರು, ಅವರಲ್ಲಿ ಸುಮಾರು 40% ಮಕ್ಕಳು. ಗೊಂಬೆಗಿಂತ ಅವರ ಪಕ್ಕ ಕೂರುವ ಜನಕ್ಕೆ ಸಂಬಳ, ತರಬೇತಿ ಕೊಡುವುದು ಕಷ್ಟವಾಗುತ್ತಿದೆ. ನಿಮ್ಮ ಮಗಳಿಗೆ ಮಾತ್ರ ಬೇಡ ಎನ್ನಬೇಡಿ. ಅವಳು ಒಂದು ಗೊಂಬೆಯನ್ನು ಆರಿಸಿಕೊಳ್ಳಲಿ, ನಿಮ್ಮ ಊರಿನ ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಒಪ್ಪಿಗೆ ಕೇಳಿ, ಅವಳ ಕೈಯಲ್ಲೇ ಕೊಡಿಸಿ. ಕೊಡುವಾಗ ಏನು ಹೇಳಬೇಕು ಅಂತ ಅವಳಿಗೆ ಕಲಿಸಿ: "ಇವನಿಗೆ ಸ್ವಲ್ಪ ಭಯ. ನೀನು ನೋಡಿಕೊಳ್ಳುತ್ತೀಯಾ?"